ಆ್ಯಪ್ ಸ್ಟೋರ್ ಪರಿಶೀಲನೆ: ಅಲ್ಲಿ ಏನನ್ನು ನೋಡುತ್ತಾರೆ, ಏನನ್ನು ನೋಡುವುದಿಲ್ಲ?

"ಪ್ಲೇ ಸ್ಟೋರ್‌ನಲ್ಲೇ ಇದೆಯಲ್ಲ, ಇನ್ನೇನು ಭಯ?" ಹೊಸ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಳ್ಳುವಾಗ ನಮ್ಮಲ್ಲಿ ಅನೇಕರು ಆಡುವ ಮಾತಿದು. ಇದರ ಹಿಂದೆ ಒಂದು ನಂಬಿಕೆ ಇದೆ. ದೊಡ್ಡ ಕಂಪನಿಯೊಂದು ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಆ್ಯಪ್ ಅಲ್ಲಿಗೆ ಬರುತ್ತದೆ, ಹಾಗಾಗಿ ಅದು ಹೇಳುವುದೆಲ್ಲ ನಿಜ, ಮಾಡುವುದೆಲ್ಲ ಸುರಕ್ಷಿತ ಎಂಬುದು ಆ ನಂಬಿಕೆ. ಇದರಲ್ಲಿ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಸರಿಯಲ್ಲ. ಯಾಕೆ ಎಂದು ತಿಳಿಯಲು ಆ್ಯಪ್ ಒಂದು ಪರಿಶೀಲನೆಗೆ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ನೋಡಬೇಕು.

ಪರಿಶೀಲನೆ ಎಂದರೇನು?

ಬಳಕೆದಾರರು ಕೊಡುವ ನಕ್ಷತ್ರಗಳಿಗೂ ರಿವ್ಯೂ ಎನ್ನುತ್ತಾರೆ. ಇಲ್ಲಿ ನಾವು ಹೇಳುತ್ತಿರುವುದು ಅದರ ಬಗ್ಗೆ ಅಲ್ಲ, ಆ್ಯಪ್ ಬಿಡುಗಡೆಯಾಗುವ ಮೊದಲು ಸ್ಟೋರ್ ನಡೆಸುವ ತಪಾಸಣೆಯ ಬಗ್ಗೆ. ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈನಲ್ಲಿ. ಪರಿಶೀಲನೆಯ ನಿಯಮಗಳನ್ನು ಅದು ಬಹಿರಂಗವಾಗಿ ಪ್ರಕಟಿಸಿದ್ದು 2010ರಲ್ಲಿ. ಗೂಗಲ್ ಶುರುವಿನಲ್ಲಿ ಹೆಚ್ಚಾಗಿ ಯಂತ್ರಗಳನ್ನೇ ನೆಚ್ಚಿಕೊಂಡಿತ್ತು. ಬಿಡುಗಡೆಗೆ ಮೊದಲು ಮನುಷ್ಯರೂ ಆ್ಯಪ್‌ಗಳನ್ನು ನೋಡುತ್ತಿದ್ದಾರೆ ಎಂದು ಅದು ಹೇಳಿದ್ದು 2015ರ ಮಾರ್ಚ್‌ನಲ್ಲಿ.

ಈ ತಪಾಸಣೆ ಬರೀ ನೆಪಕ್ಕೆ ನಡೆಯುವಂಥದ್ದಲ್ಲ. 2024ರಲ್ಲಿ ತನಗೆ ಬಂದ ಸುಮಾರು 77 ಲಕ್ಷ ಸಲ್ಲಿಕೆಗಳಲ್ಲಿ 19 ಲಕ್ಷಕ್ಕೂ ಹೆಚ್ಚನ್ನು ತಿರಸ್ಕರಿಸಿದ್ದಾಗಿ ಆ್ಯಪಲ್ ಹೇಳಿದೆ. ಅದೇ ವರ್ಷ ನಿಯಮ ಮೀರಿದ 23.6 ಲಕ್ಷ ಆ್ಯಪ್‌ಗಳನ್ನು ತಡೆದಿದ್ದೇವೆ ಎಂದು ಗೂಗಲ್ ಹೇಳಿದೆ. ಅಂದರೆ ಬಾಗಿಲಲ್ಲಿ ಕಾವಲು ಇದೆ. ಆ ಕಾವಲಿನವರು ಕೇಳುವ ಪ್ರಶ್ನೆಗಳು ಯಾವುವು ಎಂಬುದಷ್ಟೇ ನಮ್ಮ ಮುಂದಿರುವ ವಿಷಯ.

ಒಂದು ಆ್ಯಪ್ ಸಿದ್ಧವಾಗುವ ಬಗೆ

ಉದಾಹರಣೆಗೆ, ಬಿಪಿ ಇರುವವರಿಗಾಗಿ ಒಂದು ದಿನಚರಿ ಆ್ಯಪ್ ಮಾಡುತ್ತಿದ್ದೇವೆ ಎಂದುಕೊಳ್ಳೋಣ. ಮನೆಯ ಬಿಪಿ ಯಂತ್ರದಲ್ಲಿ ಬಂದ ಅಂಕಿಯನ್ನು ಬಳಕೆದಾರರು ಇದರಲ್ಲಿ ಬರೆದಿಡುತ್ತಾರೆ, ತಿಂಗಳ ಕೊನೆಗೆ ಡಾಕ್ಟರಿಗೆ ತೋರಿಸುತ್ತಾರೆ. ಇಷ್ಟು ಸರಳವಾದ ಆ್ಯಪಿಗೂ ಕೆಲಸ ಬಹಳವಿದೆ.

ಮೊದಲು ಡೆವಲಪರ್ ಖಾತೆ ಬೇಕು. ಗೂಗಲ್‌ನಲ್ಲಿ ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು, ಆ್ಯಪಲ್‌ನಲ್ಲಿ ಪ್ರತಿ ವರ್ಷ 99 ಡಾಲರ್. 2023ರ ನವೆಂಬರ್ 13ರ ನಂತರ ಗೂಗಲ್‌ನಲ್ಲಿ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಜನರಿಂದ ಸತತ 14 ದಿನ ಆ್ಯಪನ್ನು ಪರೀಕ್ಷೆ ಮಾಡಿಸಬೇಕು. ಮೊದಲು ಈ ಸಂಖ್ಯೆ 20 ಇತ್ತು. ಸಾಲ ಮತ್ತು ವೈದ್ಯಕೀಯ ಆ್ಯಪ್‌ಗಳಾದರೆ ಗೂಗಲ್ ಸಂಸ್ಥೆಯ ಹೆಸರಿನ ಖಾತೆಯನ್ನೇ ಕೇಳುತ್ತದೆ.

ನಂತರ ಆ್ಯಪ್ ಪೂರ್ತಿಯಾಗಿರಬೇಕು. "ಶೀಘ್ರದಲ್ಲೇ ಬರಲಿದೆ" ಎಂಬ ಖಾಲಿ ಪುಟ, ಒತ್ತಿದರೆ ಏನೂ ಆಗದ ಗುಂಡಿ, ತೆರೆದ ಕೂಡಲೇ ನಿಂತುಹೋಗುವ ಆ್ಯಪ್, ಇವೆಲ್ಲ ತಿರಸ್ಕಾರಕ್ಕೆ ಸಾಮಾನ್ಯ ಕಾರಣಗಳು. ಲಾಗಿನ್ ಬೇಕಾದ ಆ್ಯಪ್ ಆದರೆ ಪರಿಶೀಲಕರು ಒಳಗೆ ಹೋಗಿ ನೋಡಲು ಒಂದು ಮಾದರಿ ಖಾತೆ ಮತ್ತು ಪಾಸ್‌ವರ್ಡ್ ಕೊಡಬೇಕು. ಖಾತೆ ತೆರೆಯುವ ಸೌಲಭ್ಯ ಇದ್ದರೆ ಅದನ್ನು ಅಳಿಸುವ ದಾರಿಯೂ ಆ್ಯಪಿನೊಳಗೇ ಇರಬೇಕು. ಆ್ಯಪಲ್ ಇದನ್ನು 2022ರ ಜೂನ್ 30ರಿಂದ ಕಡ್ಡಾಯ ಮಾಡಿದೆ, ಗೂಗಲ್‌ನಲ್ಲೂ ಈಗ ಇಂಥದೇ ನಿಯಮವಿದೆ.

ಆಮೇಲೆ ಅನುಮತಿಗಳು. ನಮ್ಮ ಬಿಪಿ ದಿನಚರಿಗೆ ಫೋನಿನ ಕಾಂಟ್ಯಾಕ್ಟ್ ಪಟ್ಟಿ ಬೇಕಿಲ್ಲ, ಎಸ್ಸೆಮ್ಮೆಸ್ ಓದುವ ಅಗತ್ಯವೂ ಇಲ್ಲ. ಕೇಳಿದರೆ ಯಾಕೆಂದು ವಿವರಿಸಬೇಕು. ಎಸ್ಸೆಮ್ಮೆಸ್ ಮತ್ತು ಕರೆಗಳ ದಾಖಲೆಯನ್ನು ಓದುವ ಅನುಮತಿಯನ್ನು ಗೂಗಲ್ 2019ರಿಂದ ಬಹಳ ಬಿಗಿ ಮಾಡಿದೆ. ಆ್ಯಪಿನ ಮುಖ್ಯ ಕೆಲಸಕ್ಕೇ ಅದು ಬೇಕಾಗಿದ್ದರೆ ಮಾತ್ರ ಅವಕಾಶ.

ಕೊನೆಗೆ ಫಾರ್ಮ್‌ಗಳು. ಖಾಸಗಿತನದ ನೀತಿಯ ಕೊಂಡಿ, ವಯಸ್ಸಿನ ಶ್ರೇಣಿ, ಜಾಹೀರಾತು ಇದೆಯೇ ಇಲ್ಲವೇ, ಬಳಕೆದಾರರ ಯಾವ ಮಾಹಿತಿ ಸಂಗ್ರಹಿಸುತ್ತೀರಿ, ಯಾರಿಗೆ ಕೊಡುತ್ತೀರಿ, ಹೀಗೆ ಉದ್ದ ಪಟ್ಟಿಯೇ ಇದೆ. ಆರೋಗ್ಯಕ್ಕೆ ಸಂಬಂಧಿಸಿದ್ದಕ್ಕೆ ಗೂಗಲ್‌ನಲ್ಲಿ ಪ್ರತ್ಯೇಕ ಘೋಷಣೆ ಇದೆ. ಇಷ್ಟೆಲ್ಲ ಮುಗಿದ ಮೇಲೆ ಸಲ್ಲಿಕೆ.

ಉತ್ತರ ಬರೆಯುವವರು ಯಾರು?

ಈ ಫಾರ್ಮ್‌ಗಳನ್ನು ತುಂಬುವುದು ಆ್ಯಪ್ ಮಾಡಿದವರೇ. ಪ್ಲೇ ಸ್ಟೋರ್‌ನ ಪ್ರತಿ ಆ್ಯಪಿನ ಪುಟದಲ್ಲಿ "ಡೇಟಾ ಸೇಫ್ಟಿ" ಎಂಬ ಭಾಗವಿದೆ. "ಯಾವ ಮಾಹಿತಿಯನ್ನೂ ಸಂಗ್ರಹಿಸುವುದಿಲ್ಲ" ಎಂದು ಅಲ್ಲಿ ಬರೆದಿದ್ದರೆ ಅದು ಗೂಗಲ್ ಪರೀಕ್ಷಿಸಿ ಬರೆದ ತೀರ್ಪಲ್ಲ, ಡೆವಲಪರ್ ಕೊಟ್ಟ ಹೇಳಿಕೆ. ಅದು ಸರಿಯಾಗಿರುವಂತೆ ನೋಡಿಕೊಳ್ಳುವ ಹೊಣೆ ಡೆವಲಪರ್ ಒಬ್ಬರದೇ ಎಂದು ಗೂಗಲ್ ತನ್ನ ನಿಯಮಗಳಲ್ಲೇ ಹೇಳಿದೆ. ಆ್ಯಪಲ್ 2020ರ ಡಿಸೆಂಬರ್‌ನಲ್ಲಿ ತಂದ ಖಾಸಗಿತನದ ಚೀಟಿಗಳೂ ಡೆವಲಪರ್ ಕೊಟ್ಟ ಮಾಹಿತಿಯನ್ನೇ ತೋರಿಸುತ್ತವೆ.

ಮೊಜಿಲ್ಲಾ ಫೌಂಡೇಶನ್ ಪ್ಲೇ ಸ್ಟೋರ್‌ನ 40 ಜನಪ್ರಿಯ ಆ್ಯಪ್‌ಗಳನ್ನು ತೆಗೆದುಕೊಂಡು, ಅವುಗಳ ಡೇಟಾ ಸೇಫ್ಟಿ ಹೇಳಿಕೆಯನ್ನು ಅವುಗಳದೇ ಖಾಸಗಿತನದ ನೀತಿಯೊಂದಿಗೆ ಹೋಲಿಸಿ ನೋಡಿತು. 2023ರ ಫೆಬ್ರವರಿಯಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ಸುಮಾರು ಶೇ. 80ರಷ್ಟು ಆ್ಯಪ್‌ಗಳಲ್ಲಿ ಎರಡೂ ಒಂದಕ್ಕೊಂದು ತಾಳೆಯಾಗಲಿಲ್ಲ. ಎಲ್ಲರೂ ಬೇಕೆಂದೇ ಸುಳ್ಳು ಬರೆದರು ಎಂದಲ್ಲ. ಜಾಹೀರಾತಿಗೋ ಲೆಕ್ಕಾಚಾರಕ್ಕೋ ಬೇರೆ ಕಂಪನಿಯ ಕೋಡನ್ನು ಸೇರಿಸಿಕೊಂಡಾಗ ಅದು ಏನೇನು ಕಳಿಸುತ್ತದೆ ಎಂದು ಮಾಡಿದವರಿಗೇ ಪೂರ್ತಿ ಗೊತ್ತಿಲ್ಲದಿರಬಹುದು. ಓದುವ ನಮಗೆ ಮಾತ್ರ ಫಲ ಒಂದೇ.

ಒಪ್ಪಿಗೆ ಸಿಕ್ಕಿದರೂ ಸುಳ್ಳು ಹೇಳಿದ ಬಿಪಿ

2014ರ ಜೂನ್‌ನಲ್ಲಿ "ಇನ್‌ಸ್ಟಂಟ್ ಬ್ಲಡ್ ಪ್ರೆಶರ್" ಎಂಬ ಐಫೋನ್ ಆ್ಯಪ್ ಬಂತು. ಫೋನಿನ ಮೇಲಂಚನ್ನು ಎದೆಗೆ ಒತ್ತಿ, ಕ್ಯಾಮೆರಾದ ಮೇಲೆ ಬೆರಳಿಟ್ಟರೆ ರಕ್ತದೊತ್ತಡ ತೋರಿಸುತ್ತೇನೆ ಎಂದು ಅದು ಹೇಳಿತು. ತೋಳಿಗೆ ಪಟ್ಟಿ ಸುತ್ತುವ ಯಂತ್ರ ಬೇಡ. ಆ್ಯಪಲ್ ಸ್ಟೋರ್‌ನಲ್ಲಿ ಒಪ್ಪಿಗೆ ಸಿಕ್ಕಿತ್ತು. 2015ರ ಜುಲೈ 30ರಂದು ಅಲ್ಲಿಂದ ಹೋಗುವವರೆಗೆ, 156 ದಿನ ಅದು ಹೆಚ್ಚು ಮಾರಾಟವಾಗುವ ಮೊದಲ 50 ಐಫೋನ್ ಆ್ಯಪ್‌ಗಳ ಪಟ್ಟಿಯಲ್ಲಿತ್ತು.

ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 85 ಜನರ ಮೇಲೆ ಇದನ್ನು ಪ್ರಮಾಣಿತ ಯಂತ್ರದೊಂದಿಗೆ ಹೋಲಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಗಾಬರಿ ಹುಟ್ಟಿಸುವಂತಿತ್ತು. ಅಳತೆಯ ಹೊತ್ತಿಗೆ ರಕ್ತದೊತ್ತಡ ನಿಜವಾಗಿಯೂ ಹೆಚ್ಚಿದ್ದವರಲ್ಲಿ ಶೇ. 77.5ರಷ್ಟು ಜನರಿಗೆ ಆ್ಯಪ್ "ಹೆಚ್ಚಿಲ್ಲ" ಎಂದೇ ತೋರಿಸಿತ್ತು. ಹೆಚ್ಚಿದ ಬಿಪಿ ಸಾಮಾನ್ಯವಾಗಿ ಯಾವ ನೋವನ್ನೂ ಕೊಡುವುದಿಲ್ಲ. ಅದು ಗೊತ್ತಾಗುವುದೇ ಅಳತೆಯಿಂದ. ಅಳತೆಯೇ ತಪ್ಪಿದರೆ ಮಾತ್ರೆ ಬಿಡುವವರು, ಡಾಕ್ಟರ ಬಳಿ ಹೋಗುವುದನ್ನು ಮುಂದೂಡುವವರು ಇರುತ್ತಾರೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಮೇಲೆ ಕ್ರಮ ಕೈಗೊಂಡು 2016ರ ಡಿಸೆಂಬರ್‌ನಲ್ಲಿ ಪ್ರಕರಣ ಇತ್ಯರ್ಥ ಮಾಡಿತು. ಕಂಪನಿಯ ಮುಖ್ಯಸ್ಥರೇ ಸ್ವಂತ ಆ್ಯಪಿಗೆ ಐದು ನಕ್ಷತ್ರ ಕೊಟ್ಟುಕೊಂಡಿದ್ದರು ಎಂಬುದೂ ಕಮಿಷನ್‌ನ ಆರೋಪಗಳಲ್ಲಿತ್ತು.

ಫೋನಿನ ಸಂವೇದಕಗಳಿಂದಷ್ಟೇ ಬಿಪಿ, ರಕ್ತದ ಸಕ್ಕರೆ, ಆಮ್ಲಜನಕ, ದೇಹದ ತಾಪ ಅಳೆಯುತ್ತೇವೆ ಎನ್ನುವ ಆ್ಯಪ್‌ಗಳಿಗೆ ಅವಕಾಶವಿಲ್ಲ ಎಂದು ಆ್ಯಪಲ್‌ನ ಈಗಿನ ನಿಯಮ ಹೇಳುತ್ತದೆ. ಆದರೆ ಆ್ಯಪ್ ತೋರಿಸಿದ ಅಂಕಿ ಸರಿಯೇ ಎಂದು ತಿಳಿಯಲು ರೋಗಿಗಳ ಮೇಲೆ ಅಧ್ಯಯನ ಬೇಕು. ಆ್ಯಪಲ್ ಹೇಳುವಂತೆ ಶೇ. 90ರಷ್ಟು ಸಲ್ಲಿಕೆಗಳ ಪರಿಶೀಲನೆ 24 ಗಂಟೆಯೊಳಗೆ ಮುಗಿಯುತ್ತದೆ. ಅಷ್ಟು ಹೊತ್ತಿನಲ್ಲಿ ಗುಂಡಿಗಳು ಕೆಲಸ ಮಾಡುತ್ತವೆಯೇ ಎಂದು ನೋಡಬಹುದು, ವೈದ್ಯಕೀಯ ಸತ್ಯವನ್ನು ನೋಡಲಾಗದು.

ನಮ್ಮ ದೇಶದ ಸಾಲದ ಆ್ಯಪ್‌ಗಳು

ಆರೋಗ್ಯದಲ್ಲಿ ಆದದ್ದೇ ಹಣದ ವಿಷಯದಲ್ಲೂ ಆಗಿದೆ. ರಿಸರ್ವ್ ಬ್ಯಾಂಕ್ ನೇಮಿಸಿದ ಕಾರ್ಯತಂಡ 2021ರ ಜನವರಿ ಮತ್ತು ಫೆಬ್ರವರಿಯಲ್ಲಿ ಹುಡುಕಿದಾಗ ಭಾರತದ ಬಳಕೆದಾರರಿಗೆ ಸುಮಾರು 1,100 ಸಾಲದ ಆ್ಯಪ್‌ಗಳು ವಿವಿಧ ಸ್ಟೋರ್‌ಗಳಲ್ಲಿ ಸಿಕ್ಕವು. ಅವುಗಳಲ್ಲಿ ಸುಮಾರು 600 ಕಾನೂನುಬಾಹಿರ. ಕಾಂಟ್ಯಾಕ್ಟ್ ಪಟ್ಟಿ ಮತ್ತು ಫೋಟೋಗಳನ್ನು ಎತ್ತಿಕೊಂಡು, ಕಂತು ತಪ್ಪಿದವರ ನೆಂಟರಿಗೆ, ಸ್ನೇಹಿತರಿಗೆ ಕರೆ ಮಾಡಿ ಮಾನ ಕಳೆಯುವುದು ಇಂಥವರ ದಾರಿಯಾಗಿತ್ತು.

ನಿಯಮಗಳು ಬಿಗಿಯಾದದ್ದು ಆಮೇಲೆ. ಭಾರತದ ಸಾಲದ ಆ್ಯಪ್‌ಗಳು ಪರವಾನಗಿಯ ದಾಖಲೆ ಕೊಡಬೇಕು ಎಂದು ಗೂಗಲ್ ಹೇಳಿತು. 2023ರ ಮೇ 31ರಿಂದ ಅವು ಕಾಂಟ್ಯಾಕ್ಟ್ ಮತ್ತು ಫೋಟೋಗಳನ್ನು ಮುಟ್ಟುವಂತಿಲ್ಲ ಎಂದಿತು. 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ ಗೂಗಲ್ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ತೆಗೆದಿದೆ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿದೆ. ತೆಗೆದದ್ದು ಒಳ್ಳೆಯದೇ. ಆದರೆ ಆ 2,200 ಆ್ಯಪ್‌ಗಳು ಒಂದಲ್ಲ ಒಂದು ದಿನ ಸ್ಟೋರ್‌ನಲ್ಲಿ ಇದ್ದವು, ಜನ ನಂಬಿ ಹಾಕಿಕೊಳ್ಳಬಹುದಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಆ್ಯಪಿನ ಒಂದಷ್ಟು ಭಾಗ ಫೋನಿನಲ್ಲಿದ್ದರೆ ಉಳಿದದ್ದು ಕಂಪನಿಯ ಸರ್ವರ್‌ನಲ್ಲಿರುತ್ತದೆ. ಪರಿಶೀಲನೆಯ ದಿನ ಒಂದು ಬಗೆಯಲ್ಲಿ ನಡೆದುಕೊಂಡ ಆ್ಯಪ್, ಒಪ್ಪಿಗೆ ಸಿಕ್ಕ ಮೇಲೆ ಸರ್ವರ್‌ನಿಂದ ಬೇರೆ ಪುಟಗಳನ್ನು ತೋರಿಸಬಲ್ಲದು. ನಿಯಮದಲ್ಲಿ ಇದು ನಿಷಿದ್ಧ, ಹಿಡಿಯುವುದು ಕಷ್ಟ.

ಹಾಗಾದರೆ ನಾವೇನು ಮಾಡಬೇಕು?

ಸ್ಟೋರ್‌ನ ಹೊರಗಿನಿಂದ, ವಾಟ್ಸಾಪ್‌ನಲ್ಲಿ ಬಂದ ಫೈಲಿನಿಂದ ಆ್ಯಪ್ ಹಾಕಿಕೊಳ್ಳುವುದಕ್ಕಿಂತ ಸ್ಟೋರ್ ಎಷ್ಟೋ ಮೇಲು. ಅಲ್ಲಿಂದ ಮುಂದೆ ಈ ಕೆಲವು ಸಂಗತಿಗಳನ್ನು ನೋಡಬೇಕು.

1. ಆ್ಯಪಿನ ಕೆಲಸಕ್ಕೂ ಅದು ಕೇಳುವ ಅನುಮತಿಗೂ ಹೊಂದಿಕೆ ಇದೆಯೇ? ಟಾರ್ಚ್ ಆ್ಯಪಿಗೆ ಕಾಂಟ್ಯಾಕ್ಟ್ ಯಾಕೆ ಬೇಕು?

2. ಸಾಲದ ಆ್ಯಪ್ ಆದರೆ ಹಣ ಕೊಡುತ್ತಿರುವ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ಯಾವುದು? ನೋಂದಾಯಿತ ಸಂಸ್ಥೆಗಳು ಬಳಸುವ ಸಾಲದ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಅದರಲ್ಲಿ ಹೆಸರಿಲ್ಲದಿದ್ದರೆ ದೂರವಿರುವುದು ಲೇಸು.

3. ಆರೋಗ್ಯದ ಆ್ಯಪ್ ಅಂಕಿಯನ್ನು ಬರೆದಿಡುತ್ತದೆಯೇ, ತಾನೇ ಅಳೆಯುತ್ತೇನೆ ಎನ್ನುತ್ತದೆಯೇ? ಬರೆದಿಡುವುದಾದರೆ ಚಿಂತೆಯಿಲ್ಲ. ಅಳೆಯುತ್ತೇನೆ ಎಂದರೆ ಅದಕ್ಕೆ ಆಧಾರ ಕೇಳಬೇಕು. ರೋಗ ಪತ್ತೆಗೆಂದು ಮಾಡಿದ ಸಾಫ್ಟ್‌ವೇರ್ ನಮ್ಮಲ್ಲಿ 2020ರಿಂದ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತದೆ.

4. ಡೇಟಾ ಸೇಫ್ಟಿ ಭಾಗವನ್ನು ಓದಿ, ಆದರೆ ಅದು ಆ್ಯಪ್ ಮಾಡಿದವರ ಮಾತು ಎಂಬುದು ನೆನಪಿರಲಿ.

ಆ್ಯಪ್ ಮಾಡುವವರಿಗೂ ಇದರಲ್ಲಿ ಪಾಠವಿದೆ. ಪರಿಶೀಲನೆ ದಾಟುವುದಷ್ಟೇ ಗುರಿಯಾದರೆ ಫಾರ್ಮ್ ತುಂಬುವುದು ಕೊನೆಯ ದಿನದ ಕಿರಿಕಿರಿ ಎನಿಸುತ್ತದೆ. ಅದೇ ಪ್ರಶ್ನೆಗಳನ್ನು ಮೊದಲ ದಿನವೇ ಕೇಳಿಕೊಂಡರೆ ಬೇಡದ ಅನುಮತಿ, ಬೇಡದ ಮಾಹಿತಿ, ಸಾಬೀತಾಗದ ಹೇಳಿಕೆ ಆ್ಯಪಿನೊಳಗೆ ಸೇರುವುದೇ ಇಲ್ಲ.

ಅಂಗಡಿಗೆ ಪರವಾನಗಿ ಇದೆ ಎಂದಮಾತ್ರಕ್ಕೆ ಅಲ್ಲಿನ ಪ್ರತಿ ಡಬ್ಬಿಯ ಮೇಲಿನ ಮಾತು ನಿಜವೆಂದು ನಾವು ಒಪ್ಪುವುದಿಲ್ಲ, ತಿರುಗಿಸಿ ದಿನಾಂಕ ನೋಡುತ್ತೇವೆ. ಆ್ಯಪಿನ ವಿಷಯದಲ್ಲೂ ಅಷ್ಟು ಮಾಡಿದರೆ ಸಾಕು. ಬಿಪಿ ಅಳೆಯಲು ಮಾತ್ರ ತೋಳಿಗೆ ಪಟ್ಟಿ ಸುತ್ತುವ ಯಂತ್ರವನ್ನೇ ಬಳಸಿ.