ಮಕ್ಕಳ ಪಾಲನಾ ಸಂಸ್ಥೆಗಳ ನೋಂದಣಿ ಮತ್ತು ತಪಾಸಣೆ ಕುರಿತ ಹಕ್ಕೊತ್ತಾಯಗಳ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ,
ಬೆಂಗಳೂರು.

ಇವರಿಂದ:
ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಬೆಳೆದು ಹೊರಬಂದವರು, ಮಕ್ಕಳನ್ನು ಅಲ್ಲಿ ಬಿಟ್ಟಿರುವ ಪೋಷಕರು ಹಾಗೂ ಮಕ್ಕಳ ಹಕ್ಕುಗಳ ಕಾರ್ಯಕರ್ತರು.

ವಿಷಯ: ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರ ಅನ್ವಯ ಮಕ್ಕಳ ಪಾಲನಾ ಸಂಸ್ಥೆಗಳ ಮೇಲ್ವಿಚಾರಣೆಯನ್ನು ಬಿಗಿಗೊಳಿಸುವಂತೆ ಕೋರಿ.

ಮಾನ್ಯರೇ,

ತಂದೆ ತಾಯಿ ಇಲ್ಲದವರು, ಗುಳೆ ಹೋದ ಕುಟುಂಬದವರು, ಮನೆಯಲ್ಲೇ ಹಿಂಸೆ ಅನುಭವಿಸಿದವರು ಹೀಗೆ ಹಲವು ಬಗೆಯ ಮಕ್ಕಳು ರಾಜ್ಯದ ಸರ್ಕಾರಿ ಬಾಲಮಂದಿರಗಳಲ್ಲಿ, ಖಾಸಗಿ ಅನಾಥಾಶ್ರಮಗಳಲ್ಲಿ, ತೆರೆದ ತಂಗುದಾಣಗಳಲ್ಲಿ ಬೆಳೆಯುತ್ತಿದ್ದಾರೆ. ಅವರ ರಕ್ಷಣೆಗೆ ಹೊಸ ಕಾನೂನು ಬೇಕೆಂದು ನಾವು ಕೇಳುತ್ತಿಲ್ಲ. ಇರುವ ಕಾನೂನು ಕಡತದಲ್ಲಿ ಉಳಿಯದೆ ಮಗು ಮಲಗುವ ಕೋಣೆಯವರೆಗೂ ತಲುಪಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಕಾಯ್ದೆ ಏನು ಹೇಳುತ್ತದೆ

ಅನುದಾನ ಪಡೆಯಲಿ, ಬಿಡಲಿ, ಪಾಲನೆ ಬೇಕಾದ ಮಕ್ಕಳನ್ನು ಇರಿಸಿಕೊಂಡ ಪ್ರತಿ ಸಂಸ್ಥೆಯೂ 41ನೇ ಕಲಮಿನಡಿ ನೋಂದಣಿ ಆಗಲೇಬೇಕು. ನೋಂದಣಿಯ ಅವಧಿ ಐದು ವರ್ಷ. ನೋಂದಣಿ ಇಲ್ಲದೆ ನಡೆಸಿದರೆ 42ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. 54ನೇ ಕಲಮಿನ ಪ್ರಕಾರ ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಭೇಟಿ ನೀಡಬೇಕು. ತಂಡದಲ್ಲಿ ಕನಿಷ್ಠ ಮೂವರಿದ್ದು, ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ಭೇಟಿಯಾದ ಒಂದು ವಾರದಲ್ಲಿ ವರದಿ, ಒಂದು ತಿಂಗಳಲ್ಲಿ ಕ್ರಮ ಆಗಬೇಕು. ಎಲ್ಲ ಸಂಸ್ಥೆಗಳ ನೋಂದಣಿಯನ್ನು 2017ರ ಅಂತ್ಯದೊಳಗೆ ಮುಗಿಸುವಂತೆ ಸುಪ್ರೀಂ ಕೋರ್ಟ್ ಅದೇ ವರ್ಷದ ಮೇ ತಿಂಗಳಲ್ಲಿ ಆದೇಶಿಸಿತ್ತು. 2021ರ ತಿದ್ದುಪಡಿಯ ನಂತರ ಈ ಸಂಸ್ಥೆಗಳ ಮೇಲ್ವಿಚಾರಣೆಯಲ್ಲಿ ಜಿಲ್ಲಾಧಿಕಾರಿಗಳ ಹೊಣೆಯೂ ಹೆಚ್ಚಿದೆ.

ನಾವು ಕಂಡದ್ದು

ತಪಾಸಣೆ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮಲ್ಲಿ ಹಲವರು ಒಳಗಿದ್ದೇ ನೋಡಿದ್ದೇವೆ. ಹಿಂದಿನ ದಿನವೇ ಸುದ್ದಿ ಬಂದಿರುತ್ತದೆ. ಬೀರುವಿನಲ್ಲಿದ್ದ ಹೊಸ ಹೊದಿಕೆಗಳು ಹಾಸಿಗೆಗೆ ಬರುತ್ತವೆ, ಶೌಚಾಲಯಕ್ಕೆ ಫಿನಾಯಿಲ್ ಬೀಳುತ್ತದೆ, ಊಟಕ್ಕೆ ಪಾಯಸ ಸೇರುತ್ತದೆ. ಬಂದವರು ಕಚೇರಿಯಲ್ಲಿ ಕೂತು ಹಾಜರಾತಿ ಪುಸ್ತಕ ತಿರುವುತ್ತಾರೆ. ಆಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಊಟ ಚೆನ್ನಾಗಿ ಕೊಡ್ತಾರೇನಪ್ಪ?" ಎಂದು ಕೇಳುತ್ತಾರೆ. ಅಧೀಕ್ಷಕರು ಪಕ್ಕದಲ್ಲೇ ನಿಂತಿರುವಾಗ "ಹೂಂ ಸಾರ್" ಎನ್ನದೆ ಬೇರೆ ದಾರಿ ಇರುವುದಿಲ್ಲ. ವರದಿಯಲ್ಲಿ ದಾಖಲಾಗುವುದು ಅದೇ ಉತ್ತರ.

ಸಲಹಾ ಪೆಟ್ಟಿಗೆಯ ಕತೆಯೂ ಇಷ್ಟೇ. ಅದು ಕಚೇರಿಯಿಂದ ದೂರ, ಮಕ್ಕಳ ಕೋಣೆಗಳ ಹತ್ತಿರ ಇರಬೇಕು. ಬೀಗದ ಕೈ ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರೇ ತೆರೆಯಬೇಕು ಎಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ನಾವು ಕಂಡ ಪೆಟ್ಟಿಗೆ ಅಧೀಕ್ಷಕರ ಕೊಠಡಿಯ ಬಾಗಿಲಿಗೇ ತೂಗುತ್ತಿತ್ತು, ಬೀಗದ ಕೈ ಅವರ ಮೇಜಿನ ಡ್ರಾಯರ್‌ನಲ್ಲಿತ್ತು. ಯಾವ ಚೀಟಿ ಯಾರ ಕೈಬರಹ ಎಂದು ಅವರಿಗೆ ಗೊತ್ತಾಗದೇ ಇರುತ್ತದೆಯೇ? ಅದಕ್ಕೇ ಯಾರೂ ಚೀಟಿ ಹಾಕುತ್ತಿರಲಿಲ್ಲ.

ಮಕ್ಕಳನ್ನು ಪ್ರತ್ಯೇಕವಾಗಿ ಮಾತನಾಡಿಸದ ತಪಾಸಣೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಬಿಹಾರದ ಮುಜಫ್ಫರ್‌ಪುರವೇ ಸಾಕ್ಷಿ. ಸರ್ಕಾರದ ಹಣದಲ್ಲೇ ನಡೆಯುತ್ತಿದ್ದ ಆ ಬಾಲಕಿಯರ ನಿಲಯದ ದೌರ್ಜನ್ಯವನ್ನು 2018ರಲ್ಲಿ ಬೆಳಕಿಗೆ ತಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಸಾಮಾಜಿಕ ಲೆಕ್ಕಪರಿಶೋಧನೆ. 2020ರಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ಅಪರಾಧಿಗಳೆಂದು ತೀರ್ಪು ನೀಡಿತು.

ನಮ್ಮ ಹಕ್ಕೊತ್ತಾಯಗಳು

1. ತಪಾಸಣೆ ಮುನ್ಸೂಚನೆ ಇಲ್ಲದೆ ನಡೆಯಬೇಕು. ವರ್ಷದಲ್ಲಿ ಒಂದು ಭೇಟಿಯಾದರೂ ರಾತ್ರಿ ಊಟದ ಹೊತ್ತಿಗೋ ರಜಾದಿನದಲ್ಲೋ ಆಗಬೇಕು. ಸಿಬ್ಬಂದಿಯನ್ನು ಹೊರಗಿಟ್ಟು ಮಕ್ಕಳೊಂದಿಗೆ ಮಾತನಾಡಿದ್ದನ್ನು ವರದಿಯಲ್ಲಿ ಕಡ್ಡಾಯವಾಗಿ ನಮೂದಿಸಬೇಕು.

2. ಮಕ್ಕಳ ಗುರುತು ಮರೆಮಾಡಿ, ಪ್ರತಿ ವರದಿಯ ಸಾರಾಂಶ ಮತ್ತು ಕೈಗೊಂಡ ಕ್ರಮವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ನೋಂದಾಯಿತ ಸಂಸ್ಥೆಗಳ ಜಿಲ್ಲಾವಾರು ಪಟ್ಟಿ, ನೋಂದಣಿ ಮುಗಿಯುವ ದಿನಾಂಕದ ಸಮೇತ, ಎಲ್ಲರಿಗೂ ಸಿಗಬೇಕು.

3. "ಉಚಿತ ವಿದ್ಯಾರ್ಥಿನಿಲಯ" ಎಂಬ ಬೋರ್ಡಿನಡಿ ನಡೆಯುವ ಖಾಸಗಿ ನಿಲಯಗಳನ್ನು ಪ್ರತಿ ಜಿಲ್ಲೆಯಲ್ಲೂ ಸಮೀಕ್ಷೆ ಮಾಡಬೇಕು. ಬೇಸಿಗೆ ರಜೆಯಲ್ಲೂ ಊರಿಗೆ ಹೋಗದೆ ಅಲ್ಲೇ ಉಳಿಯುವ, ಕೇಳಲು ಯಾರೂ ಬಾರದ ಮಕ್ಕಳಿದ್ದರೆ, ಬೋರ್ಡು ಏನೇ ಇರಲಿ, ಆ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತಂದು ನಿಲಯವನ್ನು ನೋಂದಣಿಗೆ ಒಳಪಡಿಸಬೇಕು.

4. ನೋಂದಣಿ ಅರ್ಜಿ ಆರು ತಿಂಗಳಲ್ಲಿ ಇತ್ಯರ್ಥವಾಗದಿದ್ದರೆ ಅದು ಅಧಿಕಾರಿಯ ಕರ್ತವ್ಯಲೋಪ ಎಂದು ಕಾಯ್ದೆಯೇ ಹೇಳಿದೆ. ಅದನ್ನು ಜಾರಿಗೆ ತರಬೇಕು. ಪ್ರಾಮಾಣಿಕವಾಗಿ ನಡೆಯುವ ಸಣ್ಣ ಸಂಸ್ಥೆಗಳು ಕಚೇರಿಗೆ ಅಲೆದು ಸುಸ್ತಾಗುವುದೂ ತಪ್ಪಬೇಕು.

5. ಸಲಹಾ ಪೆಟ್ಟಿಗೆಯ ನಿಯಮ ಪಾಲನೆಯಾಗುತ್ತಿದೆಯೇ ಎಂದು ಪ್ರತಿ ತಪಾಸಣೆಯಲ್ಲೂ ನೋಡಬೇಕು. ಸಹಾಯವಾಣಿ 1098ಕ್ಕೆ ಮಕ್ಕಳೇ ಕರೆ ಮಾಡಬಹುದಾದ ದೂರವಾಣಿ ಪ್ರತಿ ಸಂಸ್ಥೆಯಲ್ಲೂ ಇರಬೇಕು.

6. ಸಂಸ್ಥೆ ಮುಚ್ಚುವ ಮುನ್ನ ಪ್ರತಿ ಮಗುವಿಗೂ ಲಿಖಿತ ಪುನರ್ವಸತಿ ಯೋಜನೆ ಸಿದ್ಧವಾಗಬೇಕು. ಅಣ್ಣ ತಂಗಿಯರನ್ನು ಬೇರ್ಪಡಿಸಬಾರದು. ನಡುವರ್ಷದಲ್ಲಿ ಶಾಲೆ ತಪ್ಪಬಾರದು.

7. ಸಂಸ್ಥೆಯೇ ಕೊನೆಯ ಆಯ್ಕೆ ಎಂಬುದು ಕಾಯ್ದೆಯ ಮೂಲ ತತ್ವ. ಬಡತನವೊಂದೇ ಕಾರಣವಾಗಿದ್ದರೆ, ಮಗುವನ್ನು ಸೇರಿಸಿಕೊಳ್ಳುವ ಮೊದಲು ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ನೆರವಿಗೆ ಆ ಕುಟುಂಬವನ್ನು ಪರಿಗಣಿಸಬೇಕು.

8. ಹದಿನೆಂಟು ತುಂಬಿದ ಕೂಡಲೇ ಟ್ರಂಕು ಕೊಟ್ಟು ಕಳುಹಿಸುವುದು ನಿಲ್ಲಬೇಕು. ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ ಕೈಗೆ ಸಿಕ್ಕ ಮೇಲೆಯೇ ಬಿಡುಗಡೆ ಆಗಬೇಕು. 21 ವರ್ಷದವರೆಗಿನ ಅನುಪಾಲನಾ ಸೌಲಭ್ಯದ ಮಾಹಿತಿಯನ್ನು ಒಂದು ವರ್ಷ ಮೊದಲೇ ತಿಳಿಸಬೇಕು.

ಕೋರಿಕೆ

ಸಂಸ್ಥೆಗಳನ್ನು ಪರಿಶೀಲಿಸುವ ಅಧಿಕಾರವನ್ನು ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆ 2005ರ 13ನೇ ಕಲಮು ಆಯೋಗಕ್ಕೆ ನೀಡಿದೆ. ವಿಚಾರಣೆಯ ವೇಳೆ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು 14ನೇ ಕಲಮು ಕೊಟ್ಟಿದೆ. ಈ ಅಧಿಕಾರ ಬಳಸಿ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಕಂದಾಯ ವಿಭಾಗಗಳಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಸಂಸ್ಥೆಗಳಲ್ಲಿ ಬೆಳೆದವರ ಮಾತನ್ನು ಮೊದಲು ಕೇಳಬೇಕು. ಕಳೆದ ಒಂದು ವರ್ಷದ ತಪಾಸಣಾ ವರದಿಗಳನ್ನು ಎಲ್ಲ ಜಿಲ್ಲೆಗಳಿಂದ ತರಿಸಿಕೊಂಡು, 90 ದಿನಗಳೊಳಗೆ ಸರ್ಕಾರಕ್ಕೆ ಶಿಫಾರಸು ಸಲ್ಲಿಸಬೇಕು ಎಂದು ಕೋರುತ್ತೇವೆ. ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.



ತಮ್ಮ ವಿಶ್ವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ:
1. ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ
2. ನಿರ್ದೇಶಕರು, ಮಕ್ಕಳ ರಕ್ಷಣಾ ನಿರ್ದೇಶನಾಲಯ
3. ಎಲ್ಲ ಜಿಲ್ಲಾಧಿಕಾರಿಗಳು