ಹೋಗ್ತೀನಿ ಅಲ್ಲ, ಹೋಗಿ ಬರ್ತೀನಿ

ಮಕ್ಕಳೇ, ರಜೆಗೆ ಊರಿಗೆ ಹೊರಡುವ ಮೊದಲು ಅಜ್ಜಿಗೆ ಫೋನ್ ಮಾಡಿ ಏನು ಹೇಳ್ತೀರಿ? "ನಿಮ್ಮ ಮನೆಗೆ ಹೋಗ್ತೀವಿ" ಅಂತಲೋ, "ಬರ್ತೀವಿ" ಅಂತಲೋ?

ಕಳೆದ ವರ್ಷ ನನ್ನ ಮಗಳು "ಹೋಗ್ತೀವಿ" ಅಂದಳು. ದಾವಣಗೆರೆಯಿಂದ ಅಜ್ಜಿ ನಕ್ಕು, "ನಾನು ಇಲ್ಲೇ ಇದ್ದೀನಲ್ಲ ಪುಟ್ಟಿ, ಬರ್ತೀವಿ ಅನ್ನು" ಅಂದರು.

ಇಂಗ್ಲಿಷಿನ 'ಕಮ್' ಮತ್ತು 'ಗೋ' ಎಲ್ಲರೂ ಎಲ್‌ಕೆಜಿಯಲ್ಲೇ ಕಲಿಯುವ ಪದಗಳು. ಇವುಗಳ ವ್ಯತ್ಯಾಸ ಇರುವುದು ನಡಿಗೆಯಲ್ಲಲ್ಲ, ಯಾರ ಕಡೆಯಿಂದ ನೋಡ್ತೀವಿ ಅನ್ನೋದರಲ್ಲಿ. ದೋಹಾದಿಂದ ಬೆಂಗಳೂರಿಗೆ ಹಾರುವ ವಿಮಾನ ಒಂದೇ. ಅಬು ಹಮೂರ್‌ನ ಗೆಳೆಯನಿಗೆ ಹೇಳುವಾಗ 'ಗೋ', ಅಲ್ಲಿ ಕಾಯುವ ಅಜ್ಜಿಗೆ ಹೇಳುವಾಗ 'ಕಮ್'. ನನ್ನ ಕೆಲಸದಲ್ಲೂ ಹಾಗೇ: ಒಂದೇ ಫೈಲು, ಕಳಿಸುವವರಿಗೆ ಅಪ್‌ಲೋಡ್, ಇಳಿಸಿಕೊಳ್ಳುವವರಿಗೆ ಡೌನ್‌ಲೋಡ್. 'ಟೇಕ್' ಮತ್ತು 'ಬ್ರಿಂಗ್' ಕೂಡ ಇದೇ ಜೋಡಿ. ಕನ್ನಡದಲ್ಲಿ ಅದು ಬಿಡಿಸಿಟ್ಟ ಹಾಗಿದೆ: ತಗೊಂಡು ಹೋಗು, ತಗೊಂಡು ಬಾ.

ಇಷ್ಟರವರೆಗೆ ಎರಡೂ ಭಾಷೆ ಜೊತೆಗೇ ನಡೆಯುತ್ತವೆ. ಆಮೇಲೆ ಕನ್ನಡ ಒಂದು ಹೆಜ್ಜೆ ಮುಂದೆ. ಅಮ್ಮ ಊಟಕ್ಕೆ ಕರೆದರೆ ಇಂಗ್ಲಿಷಿನಲ್ಲಿ "ಐ ಆಮ್ ಕಮಿಂಗ್". ನಾವು ಸೋಫಾದಿಂದ ಏಳದೆಯೇ "ಬಂದೆ!" ಅಂತೀವಿ. ಕೈಯಲ್ಲಿ ಇನ್ನೂ ಟ್ಯಾಬ್, ಮಾತು ಮಾತ್ರ ಆಗಲೇ ತಟ್ಟೆಯ ಮುಂದೆ!

ಹೊರಡುವಾಗ ಇಂಗ್ಲಿಷಿನಲ್ಲಿ "ಐ ಆಮ್ ಗೋಯಿಂಗ್" ಅಂದರೆ ಸಾಕು. ನಮ್ಮಲ್ಲಿ ಬರೀ "ಹೋಗ್ತೀನಿ" ಅಂದರೆ ಹಿರಿಯರು ಗದರುತ್ತಾರೆ. "ಹೋಗಿ ಬರ್ತೀನಿ" ಅನ್ನಬೇಕು. ತುಳುವಿನಲ್ಲಿ "ಪೋದು ಬರ್ಪೆ", ಮಲಯಾಳದಲ್ಲಿ "ಪೋಯಿಟ್ಟು ವರಾಂ". ಹೋಗುವ ಮಾತಿನೊಳಗೇ ತಿರುಗಿ ಬರುವ ಮಾತೂ ಇದೆ.

ಈಗ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಊರಲ್ಲಿ ಹತ್ತು ದಿನ ಕಳೆದ ಮೇಲೆ ಮಗಳು, "ಅಪ್ಪಾ, ಮನೆಗೆ ವಾಪಸ್ ಯಾವಾಗ ಹೋಗೋದು?" ಅಂದಳು. ಅವಳ ಮನೆ ಅಂದರೆ ಅಬು ಹಮೂರ್. "ಇದೇ ನಿನ್ನ ಮನೆ!" ಅಂತ ನಾನು ರೇಗಿದೆ. ತಪ್ಪು ನನ್ನದು. ಅವಳು ಬೆಳೆದದ್ದು ಇಲ್ಲಿ, ಗೆಳತಿಯರು ಇಲ್ಲಿ. ಮನೆ ಯಾವುದು ಅಂತ ಗದರಿಸಿ ಕಲಿಸೋಕೆ ಆಗೋದಿಲ್ಲ. ಆದರೆ ಅಜ್ಜಿ ಇರುವ ಕಡೆಯಿಂದ ನೋಡಿ ಮಾತಾಡೋದನ್ನು ಕಲಿಸಬಹುದು. ಶುಕ್ರವಾರ ಬೆಳಿಗ್ಗೆ ನಿದ್ದೆ ಬಿಟ್ಟು ಕನ್ನಡ ತರಗತಿಗೆ ಕರೆದುಕೊಂಡು ಬರುವುದು ಇದಕ್ಕೇ ಅಂತ ನನ್ನ ಅನಿಸಿಕೆ.

ಮಕ್ಕಳೇ, ಈ ಸಲ ಊರಿಂದ ಹೊರಡುವಾಗ "ಬೈ" ಬೇಡ. "ಹೋಗಿ ಬರ್ತೀವಿ ಅಜ್ಜಿ" ಅನ್ನಿ. ಅವರ ಮುಖ ನೋಡಿ. ಮುಂದಿನ ರಜೆಯವರೆಗೂ ಅವರಿಗೆ ಅದೊಂದು ಮಾತು ಸಾಕು.