ಅವ್ವನ ಡಿಸ್ಚಾರ್ಜ್ ಕಾರ್ಡ್ ನೀವೇ ಓದ್ರಿ

ಭಾಗ 4

ಫೋಟೊದಾಗ ಕಾಣೋ ಕಬ್ಬಿಣದ ಟ್ರಂಕ್ ನಮ್ಮ ಚಿಗವ್ವಂದು. ಒಳಗ ರೇಷನ್ ಕಾರ್ಡ್, ಪಾಸ್‌ಬುಕ್ ಜೊತಿಗೆ ಒಂದು ಪ್ಲಾಸ್ಟಿಕ್ ಕವರ್ ಇತ್ತು. ನಾಲ್ಕು ವರ್ಷ ಅದನ್ನ ಯಾರೂ ಬಿಚ್ಚಿರಲಿಲ್ಲ. ಹೋದ ತಿಂಗಳು ನಾನು ಬಿಚ್ಚಿದೆ.

ಚಿಗವ್ವಗ ಆಪರೇಷನ್ ಆದಾಗ 34 ವಯಸ್ಸು. ಸುರಪುರ ಕಡೆ ಹತ್ತಿ ಬಿಡಿಸೋ ಕೆಲಸ, ಬಿಳಿಸೆರಗು, ಕಿಬ್ಬೊಟ್ಟೆ ನೋವು. "ಮಕ್ಕಳಾಗ್ಯಾವಲ್ಲ, ಇನ್ನ ಚೀಲ ಯಾಕ ಬೇಕು? ಇಟ್ಕೊಂಡ್ರ ಕ್ಯಾನ್ಸರ್ ಆಗ್ತದ" ಅಂತ ಹೇಳಿದ್ರಂತೆ. ತೆಗೆಸಿದಳು. ಅದಾದ ಮೇಲೆ ಎಳ್ಳಮಾಸಿ ಚಳಿಯಲ್ಲೂ ರಾತ್ರಿ ಕೌದಿ ಒದ್ದು ಅಂಗಳಕ್ಕೆ ಬಂದು ಕೂಡ್ತಿದ್ದಳು. ಮೈಗೆ ಝಳ ಬಡದಂಗ ಆಗ್ತದ ಅಂತಿದ್ದಳು. ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಟ್ಟು, ಮರುಗಳಿಗೆ ಅಳು. ಮನೆಯವರು "ತಲಿ ಕೆಟ್ಟದ" ಅಂದ್ರು. ತಾಯತಾನೂ ಕಟ್ಟಿಸಿದ್ರು. ನಾನೂ ಒಂದೆರಡು ಸಲ ನಕ್ಕಿದ್ದೆ, ಸುಳ್ಳು ಯಾಕ ಹೇಳ್ಲಿ.

ಕವರ್‌ನೊಳಗಿನ ಕಾರ್ಡ್‌ನಲ್ಲಿ ಇಂಗ್ಲಿಷ್‌ನಾಗ ಎರಡು ತುಂಡು ಅಕ್ಷರ ಇದ್ದವು: ಟಿಎಎಚ್, ಅದರ ಪಕ್ಕ ಬಿಎಸ್‌ಒ. ಮೊದಲನೇದು, ಹೊಟ್ಟೆ ಕೊಯ್ದು ಗರ್ಭಚೀಲ ತೆಗೆದದ್ದು. ಎರಡನೇದು, ಎರಡೂ ಕಡೆಯ ಅಂಡಾಶಯ ಮತ್ತು ನಾಳ ತೆಗೆದದ್ದು. ಚಿಗವ್ವಗ ಮೊದಲನೇದಷ್ಟೇ ಗೊತ್ತಿತ್ತು.

ಇಲ್ಲೇ ನೋಡ್ರಿ ನಮ್ಮ ಮಾತು ನಮಗೇ ಮೋಸ ಮಾಡೋದು. "ಚೀಲ ತಗಸ್ಯಾಳ" ಅನ್ನೋ ಒಂದೇ ಮಾತಿನೊಳಗ ಎರಡು ಬೇರೆ ಬೇರೆ ಆಪರೇಷನ್ ಮುಚ್ಚಿಹೋಗ್ತಾವ. ಗರ್ಭಚೀಲ ಮಗು ಬೆಳೆಯೋ ಜಾಗ, ಮುಟ್ಟಿನ ರಕ್ತ ಬರೋದೂ ಅಲ್ಲಿಂದಲೇ. ಈಸ್ಟ್ರೊಜನ್, ಪ್ರೊಜೆಸ್ಟೆರಾನ್ ಹಾರ್ಮೋನ್ ತಯಾರಾಗೋದು ಮುಖ್ಯವಾಗಿ ಅಂಡಾಶಯದಲ್ಲಿ. ಗರ್ಭಚೀಲ ಮಾತ್ರ ತೆಗೆದ್ರೆ ಮುಟ್ಟು ನಿಲ್ತದೆ, ಆದರೆ ಅಂಡಾಶಯ ತನ್ನ ಕೆಲಸ ನಡೆಸ್ತಾನೇ ಇರ್ತದೆ. ಹಂಗಂತ ಪೂರ್ತಿ ನಿಶ್ಚಿಂತೆ ಇಲ್ಲ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗರ್ಭಚೀಲ ಮಾತ್ರ ತೆಗೆಸಿಕೊಂಡವರಲ್ಲೂ ಅಂಡಾಶಯ ಬೇಗ ಸೋಲುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಕಂಡಿತ್ತು. ಮುಟ್ಟು ಮೊದಲೇ ನಿಂತಿರೋದ್ರಿಂದ ಅದು ಗೊತ್ತಾಗೋ ಗುರುತೂ ಇರೋದಿಲ್ಲ.

ಎರಡೂ ಅಂಡಾಶಯ ತೆಗೆದ್ರೆ ಕಥೆ ಬೇರೆ. ಸಹಜವಾಗಿ ಮುಟ್ಟು ನಿಲ್ಲುವಾಗ ಹಾರ್ಮೋನ್ ಕೆಲವು ವರ್ಷ ತಗೊಂಡು ಇಳೀತದೆ. ಇಲ್ಲಿ ಒಂದೆರಡು ದಿನದಲ್ಲೇ ಕುಸೀತದೆ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸರಾಸರಿ 46-47ಕ್ಕೆ ಬರಬೇಕಾದ ಋತುಬಂಧ ಚಿಗವ್ವಗ 34ಕ್ಕೇ ಬಂತು, ಯಾರೂ ಹೇಳದೇ ಬಂತು. ಝಳ, ಬೆವರು, ನಿದ್ದೆಗೇಡು ಕಣ್ಣಿಗೆ ಕಾಣೋವು. ಮೂಳೆ ಸವೆಯೋದು, ಹೃದಯದ ಕಾಯಿಲೆಯ ಅಪಾಯ ಹೆಚ್ಚೋದು ಕಾಣೋದಿಲ್ಲ.

ಇದಕ್ಕೆ ದಾರಿ ಇಲ್ಲ ಅಂತಲ್ಲ. 45ರೊಳಗೆ ಎರಡೂ ಅಂಡಾಶಯ ಹೋದವರಿಗೆ, ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ರೆ, ಸಹಜ ಋತುಬಂಧದ ವಯಸ್ಸಿನ ತನಕ ಈಸ್ಟ್ರೊಜನ್ ಕೊಡೋದು ಒಪ್ಪಿತ ಚಿಕಿತ್ಸೆ. ಕೊಡಬೇಕೋ ಬೇಡವೋ ಅನ್ನೋದನ್ನ ಡಾಕ್ಟರೇ ನೋಡಿ ಹೇಳಬೇಕು, ಮೆಡಿಕಲ್ ಶಾಪ್‌ನವರಲ್ಲ, ನಾನೂ ಅಲ್ಲ. ನನ್ನ ಸಿಟ್ಟು ಇರೋದು, ನಾಲ್ಕು ವರ್ಷದಲ್ಲಿ ಆ ಮಾತೇ ಎತ್ತಿದವರಿಲ್ಲ ಅನ್ನೋದಕ್ಕೆ.

ಒಂದು ಮನೆಯ ಕಥೆ ಇದು ಅನ್ಕೋಬೇಡ್ರಿ. 2009ರ ಕೊನೇತನಕ ನಾವೂ ಕಲಬುರಗಿ ಜಿಲ್ಲೆಯವರೇ. ಅದೇ ಕಲಬುರಗಿಯಲ್ಲಿ 2015ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ಬಗ್ಗೆ ಆರೋಗ್ಯ ಇಲಾಖೆ ತನಿಖೆ ನಡೆಸ್ತು. ಸುದ್ದಿಯಲ್ಲಿ ಬಂದ ಸಂಖ್ಯೆ 2,258; ಹೆಚ್ಚಿನವರು ತಾಂಡಾದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು. 2017ರ ಫೆಬ್ರುವರಿಯಲ್ಲಿ ಅವರು ಡಿಸಿ ಕಚೇರಿ ಮುಂದೆ ಬಂದು ಕೂತ್ರು. ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ತಂತು. ಅದನ್ನ ಮೂರು ತಿಂಗಳೊಳಗೆ ಜಾರಿ ಮಾಡ್ರಿ ಅಂತ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳ್ತು.

"ರಕ್ತ ಹೋಗಿ ಹೋಗಿ ಸಾಯೋದು ಮೇಲೇನು?" ಅಂತ ಹೋದ ಪೋಸ್ಟ್‌ಗೆ ಒಬ್ಬರು ಕೇಳಿದ್ರು. ಅಲ್ಲ. ಕ್ಯಾನ್ಸರ್, ದೊಡ್ಡ ಗಡ್ಡೆ, ಚೀಲ ಜಾರೋದು, ಯಾವ ಮದ್ದಿಗೂ ನಿಲ್ಲದ ರಕ್ತಸ್ರಾವ, ಇವಕ್ಕೆಲ್ಲ ಈ ಆಪರೇಷನ್ ಜೀವ ಉಳಿಸ್ತದೆ. ಆದರೆ ಬರೀ ಬಿಳಿಸೆರಗಿಗೆ ಮೊದಲು ಪರೀಕ್ಷೆ, ಗುಳಿಗೆ. ಹೆಚ್ಚು ರಕ್ತಸ್ರಾವಕ್ಕೂ ಮಾತ್ರೆ ಇವೆ, ಕಾಪರ್-ಟಿ ಥರಾನೇ ಒಳಗೆ ಕೂಡಿಸೋ ಹಾರ್ಮೋನ್ ಸಾಧನ ಇದೆ. ಶಹಾಪುರ, ಸುರಪುರದವರು ಇನ್ನೊಬ್ಬ ಡಾಕ್ಟರ್‌ನ ಕೇಳೋಕೆ ಬೆಂಗಳೂರಿಗೇನು ಹೋಗಬೇಕಿಲ್ಲ. ಯಾದಗಿರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಲಿ ಎರಡು ಪ್ರಶ್ನೆ ಕೇಳ್ರಿ: ಇದು ಬಿಟ್ಟು ಬೇರೆ ದಾರಿ ಇಲ್ಲವಾ? ಅಂಡಾಶಯ ಉಳಿಸ್ತೀರೋ, ತೆಗೀತೀರೋ, ಯಾಕ?

ನಿಮ್ಮ ಮನ್ಯಾಗ ಇಂಗ್ಲಿಷ್ ಓದೋರು ನೀವೇ. ಸ್ಕಾಲರ್‌ಶಿಪ್ ಫಾರ್ಮ್, ಆಧಾರ್ ತಿದ್ದುಪಡಿ, ಗೃಹಲಕ್ಷ್ಮಿ ಅರ್ಜಿ ಎಲ್ಲಾ ನೀವೇ ತುಂಬಿದ್ದೀರಿ. ಅವ್ವಂದೋ ಅತ್ತಿದೋ ಆಪರೇಷನ್ ಆಗಿದ್ರೆ ಆ ಕವರ್ ಹುಡುಕ್ರಿ. ಹುಡುಗರಿಗೂ ಹೇಳ್ತಿದ್ದೀನಿ, ನಾಚಿಕೆ ಸಾಕು. ಮೊದಲು ಅವರನ್ನ ಕೇಳಿ ಬಿಚ್ಚಿರಿ. ಬಿಎಸ್‌ಒ ಅಂತ ಇದ್ರೆ ಕಾರ್ಡ್ ತಗೊಂಡು ಸ್ತ್ರೀರೋಗ ಡಾಕ್ಟರ್ ಹತ್ರ ಹೋಗ್ರಿ.

ಕಾರ್ಡ್ ಫೋಟೊ ಕಮೆಂಟ್‌ನಲ್ಲಿ ಹಾಕಬೇಡ್ರಿ, ಅದರ ಮೇಲೆ ಅವರ ಹೆಸರು, ಊರು ಎಲ್ಲಾ ಇರ್ತದೆ. ಚಿಗವ್ವಗ ಬರೋ ಸೋಮವಾರ ಯಾದಗಿರಿಗೆ ಕರಕೊಂಡು ಹೊಂಟೀನಿ. "ಹಂಗಾದ್ರ ನನ್ನ ತಲಿ ಕೆಟ್ಟಿಲ್ಲ ಅಲ್ಲ?" ಅಂತ ಮೂರು ಸಲ ಕೇಳ್ಯಾಳ.